ಕಬಕದಲ್ಲಿ ನೋಡಿದ್ದು

ಅಕ್ಟೋಬರ್ 28, ಮಂಗಳವಾರ

ಬರೆಯದೆ ಬಿಡೋಣವೆಂದುಕೊಂಡಿದ್ದ ಮಾತನ್ನೇ ಮೊದಲು ಬರೆಯುತ್ತೇನೆ. ಮೊನ್ನೆ ಶನಿವಾರ ಕಬಕದಲ್ಲಿ ವಿಟ್ಲದ ಬಸ್ಸಿಗೆ ಕಾಯುತ್ತಿದ್ದಾಗ ನಮ್ಮ ಎರಡನೇ ಬಿ.ಎ.ಯ ಹುಡುಗಿಯೊಬ್ಬಳು ಕಣ್ಣಿಗೆ ಬಿದ್ದಳು. ರಸ್ತೆಯಾಚೆಯ ಮೆಡಿಕಲ್ ಅಂಗಡಿಯ ಮೆಟ್ಟಿಲ ಮೇಲೆ, ಬುರ್ಖಾ ತೊಟ್ಟ ವಯಸ್ಸಾದ ಹೆಂಗಸೊಬ್ಬರ ಪಕ್ಕದಲ್ಲಿ ಕುಳಿತಿದ್ದಳು. ಮಡಿಲಲ್ಲಿ ನೋಟ್ ಪುಸ್ತಕ. ಇಬ್ಬರ ನಡುವೆ ಫೋನು. ಆ ಹೆಂಗಸು ಚೀಲದಿಂದ ಒಂದೊಂದೇ ಮಾತ್ರೆಯ ಪಟ್ಟಿ ತೆಗೆದು ತೋರಿಸುತ್ತಿದ್ದರು. ಹುಡುಗಿ ಬ್ಯಾರಿ ಭಾಷೆಯಲ್ಲಿ ಏನೋ ಕೇಳಿದಳು, ಇಬ್ಬರೂ ನಕ್ಕರು. ನನ್ನ ಬಸ್ಸು ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನೋಡಿದೆ. ರಸ್ತೆ ದಾಟಿ ಹೋಗಿ ಮಾತಾಡಿಸಬಹುದಿತ್ತು. ಹೋಗಲಿಲ್ಲ.

ಇವತ್ತು ಅದೇ ಹುಡುಗಿಯ ತಂಡದ ಸರದಿ. ನಾನು ಕೊಟ್ಟ ಕೆಲಸ ಇಷ್ಟೇ: ನಾಲ್ಕೈದು ಜನರ ತಂಡ, ತಮ್ಮ ಊರಿನದೇ ಒಂದು ವಿಷಯ, ಹೊರಗೆ ಹೋಗಿ ಜನರನ್ನು ಕೇಳಿ ತಿಳಿದುಕೊಳ್ಳಬೇಕು, ತರಗತಿಗೆ ಬಂದು ಹನ್ನೆರಡು ನಿಮಿಷ ಇಂಗ್ಲಿಷಿನಲ್ಲಿ ಹೇಳಬೇಕು. ಇವರು ಆರಿಸಿಕೊಂಡದ್ದು, ಔಷಧಿಯ ಪಟ್ಟಿಯ ಮೇಲಿರುವುದೆಲ್ಲ ಇಂಗ್ಲಿಷ್ ಆದಾಗ ಅದನ್ನು ಓದಲಾರದವರು ತಮ್ಮ ಮಾತ್ರೆಯನ್ನು ಹೇಗೆ ಗುರುತಿಸುತ್ತಾರೆ ಎಂಬುದು. ಒಳ್ಳೆಯ ವಿಷಯ.

ಯಶಸ್ವಿ ಆರು ನಿಮಿಷ ಮಾತಾಡಿದಳು. ಪುತ್ತೂರು ಪೇಟೆಯ ಹುಡುಗಿ, ನನ್ನ ಹಾಗೆ ಎಲ್‌ಕೆಜಿಯಿಂದ ಇಂಗ್ಲಿಷ್. ಎಲ್ಲೂ ತಡವರಿಸಲಿಲ್ಲ. ಉಲ್ಲಾಸ್ ಮಾಡಿದ ಸ್ಲೈಡುಗಳು ಚಂದ ಇದ್ದವು. ನುಸೈಬಾ ಅಂಕಿಅಂಶ ಹೇಳಿದಳು, ಕ್ರಿಯಾಪದಗಳು ಎರಡು ಕಡೆ ತಪ್ಪಿದವು. ಕೊನೆಗೆ ಕಬಕದಲ್ಲಿ ಕಂಡ ಹುಡುಗಿ, ಇಪ್ಪತ್ತೇಳನೇ ನಂಬರಿನ ಭವಿತಾ, ಕಾಣಿಯೂರಿನವಳು. ಎರಡು ವಾಕ್ಯ ಹೇಳಿ ನಿಂತುಬಿಟ್ಟಳು. ನಾನೇ ಒಂದು ಪ್ರಶ್ನೆ ಕೇಳಿದೆ. "ಅದು ಹೇಗೆಂದ್ರೆ ಮೇಡಂ..." ಎಂದು ಕನ್ನಡದಲ್ಲಿ ಶುರು ಮಾಡಿದಳು. ಇಂಗ್ಲಿಷಿನಲ್ಲಿ ಹೇಳು ಅಂದೆ. ತಲೆ ತಗ್ಗಿಸಿದಳು. ಕೂತುಕೋ ಅಂದೆ.

ಆಮೇಲೆ ಎಲ್ಲರೂ 'ನನ್ನ ಪಾಲು' ಎಂಬ ಹಾಳೆ ತುಂಬಿಸಿ ಕೊಟ್ಟರು. ತಂಡದ ಕೆಲಸದಲ್ಲಿ ತಾನೆಷ್ಟು ಮಾಡಿದೆ ಎಂದು ಪ್ರತಿಯೊಬ್ಬರೂ ಬರೆದು ಸಹಿ ಹಾಕಬೇಕು, ಅದರ ಮೇಲೆ ಅಂಕ. ನಾನೇ ಯೋಚಿಸಿ ಮಾಡಿದ ಪದ್ಧತಿ. ಯಶಸ್ವಿ ಮುಕ್ಕಾಲು ಪುಟ ಬರೆದಿದ್ದಳು. ಭವಿತಾ ಬರೆದದ್ದು ಎರಡು ಸಾಲು: 'ನಾನು ಕೆಲವರೊಡನೆ ಮಾತಾಡಿದೆ. ಕೆಲಸ ಮಾಡಿದ್ದು ಉಳಿದವರು.' ಇಂಗ್ಲಿಷಿನಲ್ಲಿ, ಎರಡು ತಪ್ಪುಗಳೊಡನೆ. ತಪ್ಪುಗಳಿಗೆ ಕೆಂಪು ಗೆರೆ ಎಳೆದೆ. ಇಪ್ಪತ್ತಕ್ಕೆ ಮೂರು ಹಾಕಿದೆ.

ಹಾಕುವಾಗ ಕಬಕದ ಮೆಟ್ಟಿಲು ನೆನಪಿಗೆ ಬರಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಬಂದಿತ್ತು. ಆದರೆ ನಿಯಮವೆಂದರೆ ನಿಯಮ. ಒಬ್ಬಳಿಗಾಗಿ ಹಾಳೆಯನ್ನು ಪಕ್ಕಕ್ಕಿಟ್ಟರೆ ಉಳಿದ ಐವತ್ತಾರು ಜನರಿಗೆ ಏನು ಹೇಳಲಿ?

ಅಕ್ಟೋಬರ್ 30, ಗುರುವಾರ

ಮಧ್ಯಾಹ್ನ ನುಸೈಬಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

"ಮೇಡಂ, ಭವಿತನಿಗೆ ಮೂರಾ?"

"ಅವಳು ಬರೆದುಕೊಟ್ಟದ್ದರ ಪ್ರಕಾರ."

"ಅವಳು ಹಾಗೆಲ್ಲ ಬರೀತಾಳೆ ಮೇಡಂ. ಅದನ್ನು ನೀವು ನಂಬಿದ್ದಾ?"

"ನಿನ್ನ ಹಾಳೆಯನ್ನೂ ನಂಬಿದ್ದೇನಲ್ಲ."

"ನಾನು ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ. ಎಲ್ಲರೂ ಬರೀತಾರೆ," ಎಂದಳು ಮುಖಕ್ಕೆ ಮುಖ ಕೊಟ್ಟು. "ಇಪ್ಪತ್ಮೂರು ಜನರನ್ನು ಮಾತಾಡ್ಸಿದ್ದು ಅವಳೊಬ್ಳೇ. ನನ್ನ ಅಜ್ಜಿಯನ್ನೂ. ನಮಗೆಲ್ಲ ನಾಚಿಕೆ ಆಗ್ತಿತ್ತು, ಮಾತ್ರೆ ತೋರಿಸಿ ಅಂತ ಯಾರತ್ರ ಕೇಳುದು?"

ನೋಡೋಣ ಅಂದೆ. ನೋಡೋಣ ಎಂಬ ಮಾತಿಗೆ ನನ್ನ ಬಾಯಲ್ಲಿ ಏನು ಅರ್ಥವೋ ನನಗೇ ಗೊತ್ತಿಲ್ಲ.

ಪ್ರಾಂಶುಪಾಲ ಗೌರೀಶಂಕರ ಸರ್ ಸಂಜೆ ಸಂತೋಷದ ಸುದ್ದಿ ಕೊಟ್ಟರು. ಡಿಸೆಂಬರ್ 20ರಂದು ಮಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರ ಕಾರ್ಯಾಗಾರ. ತಂಡದ ಕೆಲಸಕ್ಕೆ ಅಂಕ ಹಾಕುವ ನನ್ನ ಪದ್ಧತಿಯ ಬಗ್ಗೆ ನಾನು ಮಾತಾಡಬೇಕಂತೆ.

ನವೆಂಬರ್ 7, ಶುಕ್ರವಾರ

ಆಂತರಿಕ ಅಂಕಗಳನ್ನು ವಿಶ್ವವಿದ್ಯಾಲಯದ ಪೋರ್ಟಲಿಗೆ ಹಾಕಿ ಮುಗಿಸಿದೆ. ತಂಡದ ಕೆಲಸದ ಇಪ್ಪತ್ತೂ ಸೇರಿ ನಲವತ್ತಕ್ಕೆ ಕನಿಷ್ಠ ಹದಿನಾರು ಬೇಕು. ಇಪ್ಪತ್ತೇಳನೇ ನಂಬರಿನದು ಹದಿನಾಲ್ಕು. ಈ ಪೇಪರಿನ ಹಾಲ್ ಟಿಕೆಟ್ ಬರುವುದಿಲ್ಲ. ಮುಂದಿನ ವರ್ಷ ಮತ್ತೆ ಈ ಪೇಪರಿಗೆ ಕೂರಬೇಕು.

ಒಂದು ಸಲ ಬೆರಳು ನಿಂತಿತು. ಹಿಂದಿದ್ದವರು ಕಂಪ್ಯೂಟರಿಗೆ ಕಾಯುತ್ತಿದ್ದರು.

ನವೆಂಬರ್ 18, ಮಂಗಳವಾರ

ಭವಿತಾ ಆರು ದಿನದಿಂದ ತರಗತಿಗೆ ಬಂದಿಲ್ಲ. ಜ್ವರವೋ ಏನೋ ಎಂದುಕೊಂಡಿದ್ದೆ. ಹಾಜರಿ ಕರೆಯುವಾಗ ಉಲ್ಲಾಸ್ ಹೇಳಿದ, "ಅವಳೀಗ ಕಡಬದಲ್ಲಿ ಮೇಡಂ. ಶೀನಪ್ಪಣ್ಣನ ಮೆಡಿಕಲಿಗೆ ಸೇರಿದ್ಳು. ಹೇಗೂ ಹಾಲ್ ಟಿಕೆಟ್ ಬರುದಿಲ್ಲ, ಸುಮ್ಮನೆ ಬಸ್ಸಲ್ಲಿ ನೇತಾಡುದು ಯಾಕೆ ಅಂತ ಹೇಳ್ತಿದ್ಳು."

ತರಗತಿಯಲ್ಲಿ ಯಾರೋ ನಕ್ಕರು. ಯಶಸ್ವಿ ನಗಲಿಲ್ಲ.

ಒಂದು ಪೇಪರು ಹೋದರೆ ಕಾಲೇಜನ್ನೇ ಬಿಡುತ್ತಾರೆಯೇ? ಮೂರು ವರ್ಷದಲ್ಲಿ ಯಾವಾಗ ಬೇಕಾದರೂ ಕಟ್ಟಿ ಪಾಸು ಮಾಡಬಹುದು. ಇದನ್ನು ಅವಳಿಗೆ ಯಾರಾದರೂ ಹೇಳಬೇಕಿತ್ತು. ಯಾರಾದರೂ ಎಂದು ಬರೆದು ಈಗ ಓದಿ ನೋಡುತ್ತಿದ್ದೇನೆ.

ನವೆಂಬರ್ 23, ಭಾನುವಾರ

ಕಾರ್ಯಾಗಾರಕ್ಕೆ ಉದಾಹರಣೆ ಬೇಕಿತ್ತು. ಪ್ರತಿ ತಂಡವೂ ಸಂದರ್ಶನಗಳ ಧ್ವನಿಮುದ್ರಣ ಕಳಿಸಬೇಕೆಂಬುದು ನನ್ನದೇ ನಿಯಮ. ಕಳಿಸಿದ್ದಾರೆಯೇ ಎಂದು ನೋಡಿ ಗುರುತು ಹಾಕಿದ್ದೆ, ಒಂದನ್ನೂ ಕೇಳಿರಲಿಲ್ಲ. ಹನ್ನೆರಡು ತಂಡ, ಐವತ್ತೇಳು ಮಕ್ಕಳು, ಎಲ್ಲಿ ಕೇಳುತ್ತಾ ಕೂರುವುದು? ಊಟದ ನಂತರ ಚಾವಡಿಯಲ್ಲಿ ಕೂತು ಭವಿತಾಳ ತಂಡದ್ದನ್ನು ತೆರೆದೆ. ಇಪ್ಪತ್ತಮೂರು ಮುದ್ರಣಗಳು. ಇಪ್ಪತ್ತಮೂರರಲ್ಲೂ ಒಂದೇ ಧ್ವನಿ.

ಆ ಧ್ವನಿಯನ್ನು ನಾನು ಕೇಳಿಯೇ ಇರಲಿಲ್ಲ. ತರಗತಿಯಲ್ಲಿ ಅವಳದು ಗಂಟಲಲ್ಲೇ ಉಳಿಯುವ ಮಾತು. ಇಲ್ಲಿ ತುಳುವಿನಲ್ಲಿ ತಮಾಷೆ ಮಾಡುತ್ತಾಳೆ, ಸುಳ್ಯದ ಕಡೆಯ ಪಂಕಜಾಕ್ಷಿ ಎಂಬವರೊಡನೆ ಅರೆಭಾಷೆಗೆ ಹೊರಳುತ್ತಾಳೆ, ಕಬಕದ ಅಜ್ಜಿಯೊಡನೆ ಬ್ಯಾರಿ ತಪ್ಪಾದಾಗ ತಾನೇ ನಗುತ್ತಾಳೆ. ಎಲ್ಲಿಯೂ ಅವಸರವಿಲ್ಲ. ಪ್ರಶ್ನೆ ಕೇಳಿ ಸುಮ್ಮನಾಗುತ್ತಾಳೆ, ಅವರು ಹೇಳುವವರೆಗೂ ಕಾಯುತ್ತಾಳೆ. ಸಂದರ್ಶನ ಮಾಡುವುದು ಹೇಗೆಂದು ನಾನು ಎರಡು ಪಾಠ ಮಾಡಿದ್ದೆ. ಕಾಯುವುದನ್ನು ಹೇಳಿಕೊಟ್ಟಿರಲಿಲ್ಲ.

ಕೊಯಿಲದ ಡೊಂಬಯ್ಯ ಎಂಬವರದು ಕನ್ನಡದಲ್ಲಿತ್ತು. ಮೊದಲು ಜಾನುವಾರು ಫಾರ್ಮಿನಲ್ಲಿ ಕೆಲಸದಲ್ಲಿದ್ದವರು.

"ದನದ ಮದ್ದಾದ್ರೆ ನಾನು ವಾಸನೆಯಲ್ಲೇ ಹೇಳ್ತೇನೆ, ಯಾವ ಕಾಯಿಲೆಗೆ ಅಂತ. ನನ್ನ ಮದ್ದಿಗೆ ವಾಸನೆಯೂ ಇಲ್ಲ ಮಾರಾಯ್ತಿ, ರುಚಿಯೂ ಇಲ್ಲ. ಬಣ್ಣ ನೋಡಿ ನುಂಗುದು."

"ಬಣ್ಣ ಬದಲಾದ್ರೆ ಅಜ್ಜ?"

"ಆಯ್ತಲ್ಲ ಆಟಿ ತಿಂಗಳ ಮಳೆಯಲ್ಲಿ. ಹಸಿರಿದ್ದದ್ದು ನೀಲಿ ಬಂತು. ಇದು ನನ್ನದಲ್ಲ ಅಂತ ತೆಗೆದಿಟ್ಟೆ."

"ಎಷ್ಟು ದಿನ?"

ಅವರು ಹೇಳಲಿಲ್ಲ. ಅವಳು ಕಾದಳು. ಹಿಂದೆಲ್ಲೋ ಕೋಳಿ ಕೂಗಿತು.

"ಒಂದು ತಿಂಗಳು. ಯಾರ ಹತ್ರವೂ ಹೇಳ್ಬೇಡ. ಮಗನಿಗೆ ಗೊತ್ತಾದ್ರೆ ಬೈತಾನೆ."

ಈ ಒಂದು ತಿಂಗಳನ್ನೇ ಯಶಸ್ವಿ ಚಂದದ ಇಂಗ್ಲಿಷಿನಲ್ಲಿ, 'ಹೊರಗಿನ ರೂಪದ ಬದಲಾವಣೆಯಿಂದ ಚಿಕಿತ್ಸೆಯಲ್ಲಿ ವ್ಯತ್ಯಯ' ಎಂದು ಹೇಳಿದ್ದಳು. ನಾನು 'ಅತ್ಯುತ್ತಮ' ಎಂದು ಬರೆದಿದ್ದೆ.

ಆಗಲೇ ಒಳಗಿನಿಂದ ಅಮ್ಮ ನಗುತ್ತಾ ಬಂದರು. "ಯಾರು ಮಗಾ ಅದು? ಪಾಪ, ನನ್ನ ಹಾಗೆಯೇ."

"ನಿನ್ನ ಹಾಗೆಯಾ? ನಿನಗೆ ಡಬ್ಬಿ ಮಾಡಿ ಕೊಟ್ಟಿದ್ದೇನಲ್ಲ, ಬೆಳಿಗ್ಗೆಯದು, ಮಧ್ಯಾಹ್ನದ್ದು ಅಂತ ಹೆಸರು ಅಂಟಿಸಿ."

"ಆ ಡಬ್ಬಿಯಾ? ಅದರಲ್ಲಿ ರವಿಕೆಯ ಹುಕ್ಕು, ಬಟನ್ ಎಲ್ಲ ಉಂಟು. ಮಾತ್ರೆ ನಾನು ಜಾಗದಲ್ಲಿ ನೆನಪಿಟ್ಟುಕೊಳ್ಳುದು. ಬಿಳಿಯದ್ದು ದೇವರ ಕೋಣೆಯಲ್ಲಿ, ಗುಲಾಬಿ ಚಾಹುಡಿಯ ಹತ್ರ. ನೀನು ಇಂಗ್ಲಿಷಲ್ಲಿ ಬರೆದಿದ್ದಿ. ಕನ್ನಡ ಆಗಿದ್ರೆ ನಾನು ಓದ್ತಿದ್ದೆ."

"ಹೇಳ್ಬಹುದಿತ್ತಲ್ಲ ಅಮ್ಮ."

"ನೀನು ಅಷ್ಟು ಚಂದ ಮಾಡಿ ತಂದಿದ್ದಿ. ಹೇಗೆ ಹೇಳುದು?"

ಆ ಡಬ್ಬಿ ಕೊಟ್ಟು ನಾಲ್ಕು ವರ್ಷವಾಯಿತು. ಪ್ರತಿದಿನ ಒಂದೇ ಮೇಜಿನಲ್ಲಿ ಉಣ್ಣುತ್ತೇವೆ.

ಉಳಿದ ಮುದ್ರಣಗಳನ್ನು ಇಬ್ಬರೂ ಕೂತು ಕೇಳಿದೆವು. ಬ್ಯಾರಿಯದನ್ನು ನನಗೆ ಅಮ್ಮನೇ ಹೇಳಿಕೊಟ್ಟರು. ಅವರಿಗೆ ಆ ಭಾಷೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ನವೆಂಬರ್ 26, ಬುಧವಾರ

ಗೌರೀಶಂಕರ ಸರ್ ಬಳಿ ಹೋದೆ. ಒಂದು ಅಂಕ ತಿದ್ದಬೇಕು ಅಂದೆ.

"ಪೋರ್ಟಲ್ ಮುಚ್ಚಿ ಆಯ್ತಲ್ಲ ಮೇಡಂ. ಈಗ ತಿದ್ದಬೇಕಾದ್ರೆ ನಿಮ್ಮದೇ ತಪ್ಪು ಅಂತ ನೀವೇ ಬರೆದುಕೊಡ್ಬೇಕು, ಕಾರಣ ಸಮೇತ. ಅದು ಹಾಲ್ ಟಿಕೆಟ್ ಬಿಡುವ ಮೊದಲು, ಅಂದ್ರೆ ಬರುವ ಇಪ್ಪತ್ತರ ಒಳಗೆ ಪರೀಕ್ಷಾ ವಿಭಾಗಕ್ಕೆ ಮುಟ್ಟಬೇಕು. ಟೋಟಲ್ ತಪ್ಪಿದ್ದಾ?"

"ಅಲ್ಲ. ಅವಳು ಬರೆದುಕೊಟ್ಟದ್ದು ನಿಜವಲ್ಲ ಅಂತ ನನಗೆ ಗೊತ್ತಿತ್ತು."

ಅವರು ಕನ್ನಡಕ ತೆಗೆದರು. "ಹುಡುಗಿಯೇ ಬರೆದು ಸಹಿ ಹಾಕಿದ್ದಾಳೆ. ಅವಳೇ ಸುಮ್ಮನಿದ್ದಾಳೆ. ನಿಮಗೆ ಎಂತ ತೊಂದ್ರೆ ಮಾರಾಯ್ರೆ? ಅತ್ತ ಕಾರ್ಯಾಗಾರದಲ್ಲಿ ಹತ್ತು ಕಾಲೇಜಿನವರು ನಿಮ್ಮ ಪದ್ಧತಿ ಕಲೀಲಿಕ್ಕೆ ಬರ್ತಾರೆ, ಇತ್ತ ಅದೇ ವಾರ ಅದು ಸರಿ ಇಲ್ಲ ಅಂತ ನೀವೇ ಬರೆದು ಕಳಿಸುದಾ?"

ನಾನು ಕುರ್ಚಿಯಿಂದ ಎದ್ದೆ.

"ಬರೆದ್ರೆ ತನ್ನಿ, ನಾನು ಸೀಲು ಹಾಕಿ ಕೊಡ್ತೇನೆ. ತಡೆಯುದಿಲ್ಲ," ಎಂದರು. ಕೆಟ್ಟ ಮನುಷ್ಯರಲ್ಲ. "ಒಂದು ವಾರ ಯೋಚನೆ ಮಾಡಿ."

ಯೋಚನೆ ಮಾಡಲು ಹೇಳಿದ್ದಕ್ಕೆ ಮನಸ್ಸು ಹಗುರವಾಯಿತು. ಅದೇ ನಾಚಿಕೆಯ ಸಂಗತಿ.

ಡಿಸೆಂಬರ್ 1, ಸೋಮವಾರ

ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತೆ. ಹತ್ತು ನಿಮಿಷದಲ್ಲಿ ಮುಗಿಯಿತು. 'ಕಣ್ತಪ್ಪಿನಿಂದ ಆದ ಲೋಪವನ್ನು ಗಮನಕ್ಕೆ ತರಲಾಗಿದೆ' ಎಂಬ ಧಾಟಿಯಲ್ಲಿ. ಆ ಭಾಷೆಯಲ್ಲಿ ಇಂಥ ವಾಕ್ಯಗಳು ನನಗೆ ನೀರು ಕುಡಿದಷ್ಟು ಸಲೀಸು. ಎಲ್ಲಿಯೂ ನಾನಿಲ್ಲ. ಲೋಪ ತಾನಾಗಿಯೇ ಆಗಿದೆ, ಯಾರೋ ಅದನ್ನು ಗಮನಕ್ಕೆ ತಂದಿದ್ದಾರೆ.

ಕಣ್ಣು ತಪ್ಪಿರಲಿಲ್ಲ. ಹರಿದು ಹಾಕಿದೆ.

ಡಿಸೆಂಬರ್ 6, ಶನಿವಾರ

ಇವತ್ತು ಕಡಬಕ್ಕೆ ಹೋಗಿ ಬಂದೆ. ಅಮ್ಮನ ಔಷಧಿಚೀಟಿ ಹಿಡಿದುಕೊಂಡು ಹೋದೆ. ಪುತ್ತೂರಿನಲ್ಲಿ ಹೆಜ್ಜೆಗೊಂದು ಮೆಡಿಕಲ್ ಇರುವಾಗ ಕಡಬದವರೆಗೆ ಮಾತ್ರೆ ತರಲು ಹೋಗುವುದು ಎಂಥ ನೆಪವೋ.

ಅಂಗಡಿಯ ಮುಂದೆ ಆರೇಳು ಜನ. ಕೌಂಟರಿನ ಹಿಂದೆ ಭವಿತಾ ಪ್ರತಿಯೊಬ್ಬರ ಮಾತ್ರೆಯ ಪಟ್ಟಿಗೂ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದಳು. ಬೆಳಗಿನದಕ್ಕೆ ಒಂದು, ರಾತ್ರಿಯದಕ್ಕೆ ಎರಡು, ಊಟಕ್ಕೆ ಮೊದಲಾದರೆ ಪಕ್ಕದಲ್ಲೊಂದು ಸೊನ್ನೆ. ಎಳೆದು, ಅವರಿಂದಲೇ ಹೇಳಿಸುತ್ತಿದ್ದಳು. ನನ್ನನ್ನು ಕಂಡು ಪೆನ್ನು ಕೆಳಗಿಟ್ಟಳು.

"ಮೇಡಂ! ನೀವಾ? ಬಿಸಿಲಲ್ಲಿ ಯಾಕೆ ನಿಂತದ್ದು, ಒಳಗೆ ಬನ್ನಿ."

ಅಂಗಡಿಯ ಯಜಮಾನ ಶೀನಪ್ಪ, ಅರುವತ್ತರ ಆಸುಪಾಸಿನವರು, ಸ್ಟೂಲು ಸರಿಸಿದರು. "ಓ, ಇವರಾ ನಿನ್ನ ಇಂಗ್ಲಿಷ್ ಮೇಡಂ? ಕೂತ್ಕೊಳ್ಳಿ. ನಿಮ್ಮಿಂದ ನನಗೆ ದೊಡ್ಡ ಉಪಕಾರ ಆಯ್ತು ಮಾರಾಯ್ರೆ. ಪ್ರಶ್ನೆ ಕೇಳ್ಲಿಕ್ಕೆ ನೀವು ಕಳಿಸಿದ್ದು, ಇವಳು ಮೂರು ದಿನ ಇಲ್ಲಿ ಕೂತಿದ್ಳು. ಮೂವತ್ತು ವರ್ಷದಲ್ಲಿ ನಾನು ಗಿರಾಕಿಗಳತ್ರ ಕೇಳದ್ದನ್ನೆಲ್ಲ ಕೇಳಿದ್ಳು. ನೀವು ಮೂರು ಮಾರ್ಕು ಕೊಟ್ರಿ ಅಂತ ಗೊತ್ತಾದ ಕೂಡ್ಲೇ ನಾನು ಕೆಲಸ ಕೊಟ್ಟೆ."

"ಶೀನಪ್ಪಣ್ಣ, ನೀವು ಸುಮ್ಮನಿರಿ," ಎಂದಳು ಅವಳು.

"ನಾನೆಂತ ಸುಳ್ಳು ಹೇಳಿದ್ನಾ?" ಎಂದು ನಗುತ್ತಾ ಅವರು ಸ್ಟಾಕ್ ನೋಡಲು ಒಳಗೆ ಹೋದರು.

ಚೀಟಿ ಕೊಟ್ಟೆ. ಓದಿ ಮಾತ್ರೆ ತೆಗೆಯುತ್ತಾ ಕೇಳಿದಳು, "ಅಮ್ಮನಿಗೆ ಬಣ್ಣದ ಗುರುತಾ, ಇಡುವ ಜಾಗದ ಗುರುತಾ ಮೇಡಂ?"

"ಜಾಗದ್ದು," ಅಂದೆ. ಹದಿನೈದು ದಿನದ ಹಿಂದೆ ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ.

ಆಮೇಲೆ ಕೇಳಿಯೇ ಬಿಟ್ಟೆ. "ಇಷ್ಟೆಲ್ಲ ಮಾಡಿದವಳು ಹಾಳೆಯಲ್ಲಿ ಹಾಗೆ ಯಾಕೆ ಬರೆದೆ?"

"ಮತ್ತೆ ಹೇಗೆ ಬರೆಯುದು ಮೇಡಂ? ನಮ್ಮ ಕಡೆ ಮುಯ್ಯಾಳು ಅಂತ ಉಂಟಲ್ಲ. ಇವತ್ತು ನಾವು ಅವರಲ್ಲಿಗೆ ಕೆಲಸಕ್ಕೆ, ನಾಳೆ ಅವರು ನಮ್ಮಲ್ಲಿಗೆ. ಸಂಜೆ ಕೈಕಾಲು ತೊಳೆದು ಚಹಾಕ್ಕೆ ಕೂತಾಗ ನಾನಿಷ್ಟು ಮಾಡಿದೆ ಅಂತ ಯಾರೂ ಹೇಳ್ಲಿಕ್ಕಿಲ್ಲ. ಹೇಳಿದ್ರೆ ಅಮ್ಮನ ಹತ್ರ ಬೈಗಳು ಗ್ಯಾರಂಟಿ. ಅವರವರದ್ದು ಅವರವರು ಹೇಳುದಲ್ಲ, ಕೆಲಸ ಮಾಡಿಸಿದ ಮನೆಯವರು ಹೇಳುದು. ಅವರು ನೋಡಿರ್ತಾರಲ್ಲ."

"ಮನೆಯವರು ನೋಡದೆ ಇದ್ದರೆ?"

ಅವಳು ಪಟ್ಟಿಯ ಮೇಲೆ ಒಂದು ಗೆರೆ ಎಳೆದಳು, ನಿಧಾನಕ್ಕೆ.

"ನೀವು ನೋಡಿದ್ರಲ್ಲ ಮೇಡಂ. ಕಬಕದಲ್ಲಿ. ನಾನು ನುಸೈಬಾನ ಅಜ್ಜಿಯ ಹತ್ರ ಕೂತಿದ್ದೆ, ನೀವು ಆಚೆ ಬಸ್‌ಸ್ಟ್ಯಾಂಡಲ್ಲಿ, ನೀಲಿ ಸೀರೆ. ಕೈ ಎತ್ತುವ ಅಂತ ಇದ್ದೆ, ಅಜ್ಜಿ ಮಾತಾಡ್ತಾ ಇದ್ರು, ಮಧ್ಯದಲ್ಲಿ ಬಿಡುದು ಹೇಗೆ ಅಂತ ಸುಮ್ಮನಾದೆ."

ಕೌಂಟರಿನ ಮೇಲಿದ್ದ ಅಮ್ಮನ ಚೀಟಿಯನ್ನು ಮಡಚತೊಡಗಿದೆ.

"ಮೂರು ಬಂದಾಗ ಮೊದಲು ಬೇಜಾರಾಯ್ತು. ಆಮೇಲೆ ಯೋಚನೆ ಮಾಡಿದೆ. ನೋಡಿಯೂ ಮೂರು ಕೊಟ್ಟಿದ್ದಾರೆ ಅಂದ್ರೆ ಅದು ಮೂರರ ಕೆಲಸವೇ ಇರ್ಬೇಕು ಅಂತ."

ಯಾವ ಆಕ್ಷೇಪವೂ ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅದು ಮೂರರ ಕೆಲಸವಲ್ಲ, ಭವಿತಾ," ಎಂದೆ. "ತಿದ್ದಲು ಬರೆಯುತ್ತೇನೆ. ಹಾಲ್ ಟಿಕೆಟ್ ಬಂದರೆ ಪರೀಕ್ಷೆ ಬರೆಯುತ್ತೀಯಾ?"

ಅವಳು ಕೂಡಲೇ ಹೂಂ ಅನ್ನಲಿಲ್ಲ. ಹಿಂದೆ ನಿಂತಿದ್ದ ಮುದುಕರೊಬ್ಬರಿಗೆ ಬದಿಗೆ ಬರಲು ಹೇಳಿದಳು, ಅವರ ಚೀಟಿ ತೆಗೆದುಕೊಂಡಳು. "ಬಂದ್ರೆ ನೋಡುವ ಮೇಡಂ," ಎಂದಳು.

ಅವಳ 'ನೋಡುವ' ನನ್ನ 'ನೋಡೋಣ'ದ ಹಾಗಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಡಿಸೆಂಬರ್ 9, ಮಂಗಳವಾರ

ಸಾಧಾರಣ ದಿನ. ಕೊನೆಯ ಪೀರಿಯಡಿನಲ್ಲಿ ಯಶಸ್ವಿಗೆ ಡೊಂಬಯ್ಯನವರ ಮುದ್ರಣ ಕೇಳಿಸಿ, ಇದನ್ನು ಅವರು ಹೇಳಿದ ಹಾಗೆಯೇ ಇಂಗ್ಲಿಷಿಗೆ ತರಲು ಬರುತ್ತದೆಯೇ ನೋಡು ಅಂದೆ. ತುಂಬ ಹೊತ್ತು ಕೂತಳು. "ಆಗುದಿಲ್ಲ ಮೇಡಂ," ಎಂದಳು. ನನಗೂ ಆಗಲಿಲ್ಲ. ಹುಡುಗರೆಲ್ಲ ಸೇರಿಕೊಂಡರು, ತುಳು ಕನ್ನಡ ಎಲ್ಲ ಬೆರೆಸಿ ಗಲಾಟೆ. ಗಂಟೆ ಹೊಡೆದದ್ದು ಕೇಳಲಿಲ್ಲ. ದಿನವೂ ಸಂಜೆಗೆ ಬರುವ ತಲೆನೋವು ಇವತ್ತಿಲ್ಲ.

ಅಮ್ಮನ ಡಬ್ಬಿಯ ಚೀಟಿಗಳನ್ನು ಕಿತ್ತೆ. ಬಟನ್ ಡಬ್ಬಿಯಾಗಿಯೇ ಇರಲಿ ಎಂದರು.

ಡಿಸೆಂಬರ್ 13, ಶನಿವಾರ

ಪತ್ರ ಆಗಿದೆ. ಕನ್ನಡದಲ್ಲಿ ಬರೆದೆ. ಇಂಗ್ಲಿಷ್ ಅಧ್ಯಾಪಕಿ ಕನ್ನಡದಲ್ಲಿ ಬರೆದಿದ್ದಾರಲ್ಲ ಎಂದು ಪರೀಕ್ಷಾ ವಿಭಾಗದಲ್ಲಿ ಯಾರಾದರೂ ನಗಬಹುದು. ಈ ಭಾಷೆಯಲ್ಲಿ ನನಗೆ ಅಡಗಿಕೊಳ್ಳಲು ಬೇಕಾದಷ್ಟು ಮಾತು ಗೊತ್ತಿಲ್ಲ. ಐದು ಸಲ ಬರೆದು, ಕೊನೆಗೆ ಉಳಿದದ್ದು ಅರ್ಧ ಪುಟ. ಅದರ ನಡುವಿನ ವಾಕ್ಯವನ್ನು ಇಲ್ಲಿಯೂ ಇಳಿಸುತ್ತೇನೆ: 'ಈ ವಿದ್ಯಾರ್ಥಿನಿ ತನ್ನ ಪಾಲಿನ ಕೆಲಸವನ್ನು ಕಡಿಮೆ ಮಾಡಿ ಬರೆದಿದ್ದಳು. ಅದು ನಿಜವಲ್ಲವೆಂದು ಅಂಕ ಹಾಕುವಾಗಲೇ ನನಗೆ ತಿಳಿದಿತ್ತು, ಏಕೆಂದರೆ ಅಕ್ಟೋಬರ್ 25ರಂದು ಆಕೆ ಆ ಕೆಲಸ ಮಾಡುವುದನ್ನು ಕಬಕದಲ್ಲಿ ಇಪ್ಪತ್ತು ನಿಮಿಷ ನಿಂತು ನಾನೇ ನೋಡಿದ್ದೆ.' ಮೂರರ ಬದಲು ಹದಿನೆಂಟು ಎಂದು ಬರೆದು ಸಹಿ ಹಾಕಿದ್ದೇನೆ.

ಗೌರೀಶಂಕರ ಸರ್ ಎರಡು ಸಲ ಓದಿದರು. 'ನಿಂತು' ಎಂಬ ಪದ ಬೇಕಾ ಮೇಡಂ ಎಂದು ಕೇಳಿದರು. ಬೇಕು ಅಂದೆ. ಸೀಲು ಹಾಕಿಕೊಟ್ಟರು. ಕಾರ್ಯಾಗಾರದವರಿಗೂ ಫೋನ್ ಮಾಡಿದೆ. ಪದ್ಧತಿಯ ಬದಲು ಈ ಒಂದು ತಂಡದ ಬಗ್ಗೆ ಮಾತಾಡುತ್ತೇನೆ ಅಂದೆ. ಕೇಳಿ ಹೇಳುತ್ತೇವೆ ಎಂದರು, ಇನ್ನೂ ಹೇಳಿಲ್ಲ.

ಅಕ್ಟೋಬರಿನಲ್ಲಿಯೇ ಒಂದು ರಸ್ತೆ ದಾಟಿದ್ದರೆ ಈ ಅರ್ಧ ಪುಟ ಬೇಕಾಗಿರಲಿಲ್ಲ. ಪತ್ರ ಮುಟ್ಟಿದರೂ ಅಂಕ ತಿದ್ದುತ್ತಾರೋ ಇಲ್ಲವೋ, ತಿದ್ದಿದರೂ ಅವಳು ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಮನೆಯವರು ಹೇಳಬೇಕಾದದ್ದನ್ನು ಹೇಳುವಾಗ ಚಹಾ ಆರಿ, ಕೆಲಸಕ್ಕೆ ಬಂದವರು ಎದ್ದು ಹೋಗಿ ಆಗಿರುತ್ತದೆ ಒಮ್ಮೊಮ್ಮೆ. ಆದರೂ ಹೇಳಬೇಕು.

ಇವತ್ತು ಅಂಚೆಕಚೇರಿ ಮುಟ್ಟುವಷ್ಟರಲ್ಲಿ ಕೌಂಟರು ಮುಚ್ಚಿತ್ತು. ನಾಳೆ ಭಾನುವಾರ. ಲಕೋಟೆಯನ್ನು ಅಮ್ಮ ದೇವರ ಕೋಣೆಯಲ್ಲಿ, ತಮ್ಮ ಬಿಳಿ ಮಾತ್ರೆಯ ಪಕ್ಕ ಇಟ್ಟಿದ್ದಾರೆ. ಸೋಮವಾರ ಬೆಳಿಗ್ಗೆ ಮರೆಯುವುದಿಲ್ಲವಲ್ಲ ಎಂದು.

ರಿಜಿಸ್ಟರ್ಡ್ ಅಂಚೆಗೆ ಹಾಕುವುದು: ಡಿಸೆಂಬರ್ 15, ಸೋಮವಾರ.